ಖಾಲಿ ಬಿಟ್ಟ ಎರಡು ಆವರ್ತ

ನಂಜನಗೂಡಿನಲ್ಲೂ ನರಸೀಪುರದಲ್ಲೂ ಸಂಗೀತದ ಗಂಧ ಇರುವವರಿಗೆಲ್ಲ ಒಂದು ಕತೆ ಗೊತ್ತು. ಕೀರ್ತನೆ ಕಟ್ಟುವ ಚೆಲುವರಾಜು ಮೇಷ್ಟ್ರಿಗೂ ಪಿಟೀಲು ಅಮೃತೇಶ್ ಅವರಿಗೂ ಮಾತು ಬಿಟ್ಟುಹೋದದ್ದು ಒಂದು ಹೆಣ್ಣಿನಿಂದ ಎಂಬ ಕತೆ. ಆ ಹೆಣ್ಣು ನಾನೇ, ಕೆಂಪಾಜಮ್ಮ. ಚೆಲುವರಾಜು ನನ್ನ ಯಜಮಾನರು. ಊರ ಬಾಯಿಗೆ ಮುಚ್ಚಳ ಹಾಕುವುದಕ್ಕೆ ಆಗುವುದಿಲ್ಲ, ಒಪ್ಪಿದೆ. ಆದರೆ ಮೂವತ್ತು ವರ್ಷದಿಂದ ಮದುವೆ ಮನೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಜನ ನನ್ನನ್ನು ಒಂಥರಾ ನೋಡಿ ಪಕ್ಕದವರ ಕಿವಿಗೆ ಬಾಯಿ ಹಾಕಿದಾಗಲೆಲ್ಲ ನನಗೆ ಮೈ ಉರಿದುಹೋಗುತ್ತದೆ. ನಿಜವಾಗಿಯೂ ನನ್ನಿಂದ ಜಗಳವಾಗಿದ್ದರೆ ಒಂಚೂರು ಜಂಬವನ್ನಾದರೂ ಪಡುತ್ತಿದ್ದೆ. ಅವರಿಬ್ಬರಿಗೂ ನನಗಿಂತ ನಿಷಾದ ಎಂಬ ಒಂದು ಸ್ವರ ಹೆಚ್ಚಾಗಿತ್ತು.

ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತೆಯಾಗಿ ರಿಟೈರ್ ಆದವಳು ನಾನು. ಜಮೀನಿನ ಬದುವಿಗೆ ಹೊಡೆದಾಡಿದ ಅಣ್ಣತಮ್ಮಂದಿರ ತಕರಾರು ಅರ್ಜಿಗಳನ್ನು ಕಂತೆಗಟ್ಟಲೆ ನೋಡಿದ್ದೇನೆ. ಒಂದು ಸ್ವರಕ್ಕೆ ಹೊಡೆದಾಡಿದವರನ್ನು ನೋಡಿದ್ದು ನಮ್ಮ ಮನೆಯಲ್ಲಿ ಮಾತ್ರ.

ಹೆಣ್ಣಿನ ಕತೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಬಿಳಿಗೆರೆಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದ ಗಂಡು ಅಮೃತೇಶ್, ಅದು ಸುಳ್ಳಲ್ಲ. ಜೊತೆಗೆ ಗೆಳೆಯನನ್ನೂ ಕರೆತಂದಿದ್ದರು. ಇಬ್ಬರೂ ನಂಜನಗೂಡಿನ ಮರಿಯಯ್ಯ ಮೇಷ್ಟ್ರ ಹತ್ತಿರ ಸಂಗೀತ ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು. ಉಪ್ಪಿಟ್ಟು, ಕಾಫಿ ಆಯಿತು. ಹಿರಿಯರೊಬ್ಬರು ರೂಢಿಯ ಪ್ರಕಾರ ಹುಡುಗಿ ಒಂದು ಹಾಡು ಹೇಳಲಿ ಅಂದರು. ನಾನು ಸ್ಕೂಲಿನಲ್ಲಿ ಕಲಿತಿದ್ದ ಒಂದು ದೇವರನಾಮವನ್ನು ಧೈರ್ಯವಾಗಿ ಹೇಳಿದೆ. ಪೂರ್ತಿ ಹೇಳಿದೆ. ಅಮೃತೇಶ್ ಹಸಿ ಹಾಗಲಕಾಯಿ ಕಚ್ಚಿದವರ ಹಾಗೆ ಕೂತಿದ್ದರು. ವಾರದೊಳಗೆ ಅವರಿಂದ ಸಮಾಚಾರ ಬಂತು. ಹುಡುಗಿ ಚೆನ್ನಾಗಿದ್ದಾಳೆ, ಮನೆತನ ಚೆನ್ನಾಗಿದೆ, ಆದರೆ ಆ ಶ್ರುತಿಯ ಜೊತೆ ನನಗೆ ಬಾಳುವೆ ಮಾಡುವುದಕ್ಕೆ ಆಗುವುದಿಲ್ಲ. ನಮ್ಮಪ್ಪ ಅದನ್ನು ಮುಚ್ಚಿಡದೆ ನನಗೆ ಹೇಳಿದರು. ಆ ಮನುಷ್ಯನಿಗೆ ನಾನು ಎಷ್ಟು ಹಿಡಿಶಾಪ ಹಾಕಿದೆನೋ ಲೆಕ್ಕವಿಲ್ಲ.

ತಿಂಗಳು ಕಳೆದ ಮೇಲೆ ಆ ಗೆಳೆಯನ ಕಡೆಯಿಂದ ಕೇಳಿಕೆ ಬಂತು. ಅವರೇ ಚೆಲುವರಾಜು, ಅವತ್ತು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡವರು. ಹುಲ್ಲಹಳ್ಳಿಯ ಒಕ್ಕಲು ಮನೆಯವರು, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಮದುವೆಯಾದ ಮೇಲೆ, ಅಷ್ಟು ಕೆಟ್ಟದಾಗಿ ಹಾಡಿದವಳನ್ನು ಯಾಕೆ ಒಪ್ಪಿದಿರಿ ಎಂದು ಕೇಳಿದ್ದೆ.

"ಶ್ರುತಿ ಏನೋ ಬಸ್ ಅತ್ಕೊಂಡು ಊರು ಬುಟ್ಟು ಓಗಿತ್ತು ಕಣೆ," ಅಂದಿದ್ದರು. "ತಾಳ ಮಾತ್ರ ಒಂದ್ ಕಡೆನೂ ತಪ್ಪಲಿಲ್ಲ."

ಅದು ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು. ನಮ್ಮ ಮದುವೆಯಲ್ಲಿ ಪಿಟೀಲು ನುಡಿಸಿದ್ದು ಅದೇ ಅಮೃತೇಶ್. ಬೆಳಿಗ್ಗೆಯಿಂದ ಸಂಜೆಯ ತನಕ, ಬೆವರು ಒರೆಸಿಕೊಳ್ಳದೆ ನುಡಿಸಿದರು. ಹೊಟ್ಟೆಕಿಚ್ಚು ಇರುವವನು ಹಾಗೆ ನುಡಿಸಲಾರ. ಇನ್ನು ಊರಿನವರು ಏನಾದರೂ ಹೇಳಿಕೊಳ್ಳಲಿ.

ನಮ್ಮ ಯಜಮಾನರು, ಇವರು, ಹಾಡು ಕಟ್ಟುತ್ತಿದ್ದದ್ದು ನಾಲೆಯ ಏರಿಯ ಮೇಲೆ ನಡೆಯುತ್ತಾ. ಮನೆಗೆ ಬಂದವರೇ ನನ್ನ ಎದುರು ಕೂರುತ್ತಿದ್ದರು. ನಾನು ಅವರೆಕಾಯಿ ಸುಲಿಯುತ್ತಿದ್ದರೆ ಒಂದು ಕೈ ಬಿಡಿಸಿಕೊಂಡು ತೊಡೆಯ ಮೇಲೆ ತಾಳ ಹಾಕಬೇಕು. ಪಲ್ಲವಿ ಇವರದು, ಅನುಪಲ್ಲವಿ ಇವರದು, ಚರಣ ಇವರದು. ಆದರೆ ಒಂದು ತುಂಡನ್ನು ಮಾತ್ರ ಇವರು ಮುಟ್ಟುತ್ತಿರಲಿಲ್ಲ. ಅನುಪಲ್ಲವಿ ಆದಮೇಲೆ ಸಾಹಿತ್ಯವನ್ನು ಬದಿಗಿಟ್ಟು ಬರೀ ಸರಿಗಮದಲ್ಲೇ ಎರಡು ಆವರ್ತ, ಅಂದರೆ ಎರಡು ಸುತ್ತು ತಾಳ, ಹಾಡಿ ಪಲ್ಲವಿಗೆ ತಿರುಗುವ ಕ್ರಮವಿದೆ. ಅದಕ್ಕೆ ಚಿಟ್ಟೆಸ್ವರ ಅನ್ನುತ್ತಾರೆ. ಮನೆ ಕಟ್ಟುವುದು ನಾನು, ಬಾಗಿಲಿಗೆ ರಂಗೋಲಿ ಅಮೃತನದು ಎನ್ನುವುದು ಇವರ ಮಾತು.

ಭಾನುವಾರ ಅಮೃತೇಶ್ ನರಸೀಪುರದಿಂದ ನಂಜನಗೂಡಿನ ನಮ್ಮ ಮನೆಗೆ ಬಸ್ಸಿನಲ್ಲಿ ಬರುತ್ತಿದ್ದರು. ಇವರು ಹಾಡಿದ್ದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಪಿಟೀಲು ಎತ್ತಿ ಎರಡು ಆವರ್ತ ನುಡಿಸಿದರೆ, ಅಯ್ಯೋ ಇದು ಮೊದಲಿಂದಲೂ ಹಾಡಿನ ಒಳಗೇ ಇತ್ತಲ್ಲ, ನಮಗೆ ಯಾಕೆ ಕಾಣಲಿಲ್ಲ ಅನ್ನಿಸುತ್ತಿತ್ತು. ಸಂಗೀತ ಬಾರದ ನನಗೇ ಹಾಗೆ ಅನ್ನಿಸುತ್ತಿತ್ತು. ಇವರು ಎದ್ದು ಅವರ ಬೆನ್ನಿಗೆ ಗುದ್ದುತ್ತಿದ್ದರು. ಸಂತೋಷವಾದರೆ ಇವರಿಗೆ ಬೇರೆ ದಾರಿ ಗೊತ್ತಿಲ್ಲ.

ಜಗಳ ಹುಟ್ಟಿದ್ದು ಬಿಲಹರಿ ರಾಗದ ಒಂದು ಕೀರ್ತನೆಯಲ್ಲಿ. ಆ ರಾಗಕ್ಕೆ ಎರಡು ನಿಷಾದವಂತೆ. ಒಂದು ಮನೆಯದು, ಇನ್ನೊಂದು ನೆಂಟರ ಹಾಗೆ ಬಂದು ಹೋಗುವುದು. ಆ ನೆಂಟನನ್ನು ಎಷ್ಟು ಹೊತ್ತು ಕೂರಿಸಬೇಕು ಎನ್ನುವುದು ತಕರಾರು. ಅಮೃತೇಶ್ ಚಿಟ್ಟೆಸ್ವರದ ಕೊನೆಯಲ್ಲಿ ನೆಂಟನಿಗೆ ಚಾಪೆ ಹಾಸಿ ಕೂರಿಸಿದ್ದರು. ಇವರು ಬಾಗಿಲಲ್ಲೇ ಮಾತಾಡಿಸಿ ಕಳಿಸು ಅಂದರು. ಭಾನುವಾರಗಟ್ಟಲೆ ವಾದ ನಡೆಯಿತು, ನನ್ನ ಅಡುಗೆ ಆರಿತು. ಕೊನೆಗೆ ರಾಮೋತ್ಸವದ ಪೆಂಡಾಲಿನಲ್ಲಿ ಇಬ್ಬರ ಕಛೇರಿ. ಇವರು ಮುಂಚೆ ಒಂದು ಮಾತೂ ಹೇಳದೆ ನಿಷಾದವನ್ನು ಕತ್ತರಿಸಿ ಹಾಡಿಬಿಟ್ಟರು. ಅಮೃತೇಶ್ ತಮ್ಮದನ್ನೇ ನುಡಿಸಿದರು. ಹಾಡು ಒಂದು ಕಡೆ, ಪಿಟೀಲು ಒಂದು ಕಡೆ. ಮುಂದಿನ ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಅಮೃತೇಶ್ ಪಲ್ಲವಿ ಮುಗಿಯುವ ತನಕ ಕಾದರು. ಮುಗಿದ ಮೇಲೆ ಪಿಟೀಲನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಸಭೆಗೆ ಕೈ ಮುಗಿದು, ಮೆಟ್ಟಿಲಿಳಿದು ಹೋದರು. ಆವತ್ತಿನಿಂದ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ.

ಇವರು ಒಂದು ವರ್ಷ ಕರೆಯಲಿಲ್ಲ, ಹಟ. ಆಮೇಲೆ ಕರೆಯಲಿಲ್ಲ, ನಾಚಿಕೆ. ನಾನು ಒಮ್ಮೆ ಜೋರು ಮಾಡಿದಾಗ, "ನಾನು ಕರುದ್ರೆ ಬತ್ತಾನೆ ಕಣೆ, ಬರ್ದೆ ಇರಲ್ಲ. ಆಗ ಕರ್ಸ್ಕೊಂಡಂಗಾಯ್ತದೆ. ಅವ್ನಾಗೆ ಬರ್ಬೇಕು," ಅಂದರು. ಗಂಡಸರ ಈ ತರ್ಕಕ್ಕೆ ಯಾವ ಕೋರ್ಟಿನಲ್ಲೂ ಮೇಲ್ಮನವಿ ಇಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ಹಳೆಯ ಕೀರ್ತನೆಗಳನ್ನು ಹಾಡುವಾಗ, ಚಿಟ್ಟೆಸ್ವರ ನರಸೀಪುರದ ಅಮೃತೇಶ್ ಅವರದು ಎಂದು ಮೈಕಿನಲ್ಲಿ ಹೇಳದೆ ಇವರು ಒಂದು ದಿನವೂ ಶುರು ಮಾಡಿದವರಲ್ಲ. ಅತ್ತ ನರಸೀಪುರದಲ್ಲಿ ಯಾರೋ ದೊಡ್ಡ ಮನುಷ್ಯರು, ನೇಗಿಲು ಹಿಡಿಯುವವರ ಮಗ ಏನು ಕೀರ್ತನೆ ಕಟ್ಟುತ್ತಾನೆ ಎಂದು ನಕ್ಕಾಗ, ಅಮೃತೇಶ್ ಆ ದೊಡ್ಡ ಮನುಷ್ಯರ ಮನೆಯ ಮಕ್ಕಳಿಗೆ ಪಾಠ ಹೇಳುವುದನ್ನೇ ನಿಲ್ಲಿಸಿಬಿಟ್ಟರಂತೆ. ಅವನನ್ನು ಬಯ್ಯುವ ಹಕ್ಕು ನನ್ನೊಬ್ಬನದು ಅಂದರಂತೆ. ಇಂಥ ಶತ್ರುಗಳು ಎಲ್ಲರಿಗೂ ಸಿಗುವುದಿಲ್ಲ.

ಆ ಬಿಲಹರಿಯ ಚಿಟ್ಟೆಸ್ವರವನ್ನು ಇವರು ಮತ್ತೆ ಹಾಡಲಿಲ್ಲ, ಅಲ್ಲಿಂದ ಈಚೆಗೆ ಕಟ್ಟಿದ ಯಾವ ಕೀರ್ತನೆಗೂ ಚಿಟ್ಟೆಸ್ವರ ಇಲ್ಲ. ಜಾಗ ಮಾತ್ರ ಇದೆ. ಅನುಪಲ್ಲವಿ ಮುಗಿದ ತಕ್ಷಣ ಇವರು ಸುಮ್ಮನಾಗುತ್ತಾರೆ. ಎರಡು ಆವರ್ತ ಬರೀ ತಾಳ. ಆಮೇಲೆ ಪಲ್ಲವಿ. ಶಿಷ್ಯರಿಗೂ ಹಾಗೆಯೇ ಪಾಠ. ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಇದನ್ನು ಮೌನದ ಪ್ರಯೋಗ, ಶೂನ್ಯದ ದರ್ಶನ ಎಂದೆಲ್ಲ ಭಾಷಣ ಮಾಡಿದರು. ಶೂನ್ಯವೂ ಇಲ್ಲ, ಶುಂಠಿಯೂ ಇಲ್ಲ. ನೆಂಟನಿಗೆ ಎಲೆ ಹಾಕಿ ಕಾದು ಕೂತಿದ್ದರು, ಅಷ್ಟೆ. ನನಗೆ ಅದು ಗೊತ್ತಿತ್ತು. ಯಾಕೆಂದರೆ ಹೊಸ ಹಾಡು ಹುಟ್ಟಿದಾಗಲೆಲ್ಲ ಆ ಎರಡು ಆವರ್ತದಲ್ಲಿ ಮನೆಯೊಳಗೆ ಕೇಳುತ್ತಿದ್ದದ್ದು ನನ್ನ ಕೈಯ ಸದ್ದು ಒಂದೇ. ಇವರು ಬಾಗಿಲ ಕಡೆ ನೋಡುತ್ತಾ ಕೂತಿರುತ್ತಿದ್ದರು. ನನ್ನ ತಾಳ ಮಾತ್ರ ತಪ್ಪುತ್ತಿರಲಿಲ್ಲ.

ಹೋದ ವರ್ಷ ಇವರ ಬಲಗಿವಿ ಹೋಯಿತು. ಎಡಗಿವಿಯೂ ಹೋಗುತ್ತಿದೆ ಅಂದರು ಮೈಸೂರಿನ ಡಾಕ್ಟರು. ಎತ್ತರದ ಸದ್ದು ಮೊದಲು ಹೋಗುತ್ತದಂತೆ, ತಗ್ಗಿನದು ಕೊನೆಗೆ. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಕೇಳುತ್ತದೆ, ಸಂಗೀತ ಮಾತ್ರ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಹಾಗೆ ಕೇಳುತ್ತದೆ ಎಂದು ಇವರು ಅದನ್ನು ಕಿತ್ತು ಬೀರುವಿನಲ್ಲಿಟ್ಟರು. ಹಾಡು ಕಟ್ಟುವವನ ಕಿವಿ ಹೋದರೆ ಏನು ಉಳಿಯಿತು? ಇವರು ಅಳಲಿಲ್ಲ, ಗೋಳಾಡಲಿಲ್ಲ. ಶಿಷ್ಯೆ ಮಧುಶ್ರೀಯನ್ನು ಎಡಗಡೆ ಕೂರಿಸಿಕೊಂಡು ಇರುವ ಕೀರ್ತನೆಗಳನ್ನೆಲ್ಲ ಒಂದೊಂದಾಗಿ ತಿದ್ದುತ್ತಾ ಬಂದರು. ಆ ಹುಡುಗಿ ಹೈಸ್ಕೂಲಿನಲ್ಲಿ ಸಂಗೀತದ ಟೀಚರು, ಚೂಟಿ. ನನ್ನ ಸಂಕಟ ಒಂದೇ ಆಗಿತ್ತು. ಆ ಕಿವಿ ಪೂರ್ತಿ ಮುಚ್ಚುವ ಮುಂಚೆ ಒಂದು ಸಲವಾದರೂ ಆ ಖಾಲಿ ಜಾಗ ತುಂಬಿದ್ದನ್ನು ಇವರು ಕೇಳಬೇಕು. ಇಲ್ಲದಿದ್ದರೆ ಇವರು ಕಟ್ಟಿದ ಹಾಡುಗಳನ್ನು ಪೂರ್ತಿಯಾಗಿ ಒಮ್ಮೆಯೂ ಕೇಳದೆ ಹೋಗುತ್ತಾರೆ.

ಮೊನ್ನೆ ಮಧುಶ್ರೀ ನರಸೀಪುರದಲ್ಲಿ ಸ್ಕೂಲು ಮಕ್ಕಳ ಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದಳು. ಬಂದವಳೇ ಸೀದಾ ಅಡುಗೆಮನೆಗೆ ನುಗ್ಗಿ, ಬಾಗಿಲು ಮುಂದಕ್ಕೆ ಮಾಡಿ, ಫೋನಿನಲ್ಲಿ ಏನೋ ಹಾಕಿ ನನ್ನ ಕೈಗೆ ಕೊಟ್ಟಳು. ವೇದಿಕೆಯ ಹಿಂದೆ ಯಾವುದೋ ಹುಡುಗಿ ಪಿಟೀಲಿನಲ್ಲಿ ಸ್ವರ ನುಡಿಸುತ್ತಿದ್ದದ್ದು. ಕೇಳುತ್ತಿದ್ದಂತೆ ನನ್ನ ಕೈ ತಾನಾಗಿ ತೊಡೆ ಮೇಲೆ ಬಿತ್ತು. ಸರಿಯಾಗಿ ಎರಡು ಆವರ್ತ. ಮುಗಿದ ಕಡೆ ಮಧುಶ್ರೀ ಮೆಲ್ಲಗೆ ಇವರ ಖರಹರಪ್ರಿಯ ರಾಗದ ಕೀರ್ತನೆಯ ಪಲ್ಲವಿ ಎತ್ತಿದಳು. ಬೀಗಕ್ಕೆ ಅದರದೇ ಬೀಗದಕೈ ಕೂತ ಹಾಗೆ ಕೂತಿತು. ಇದೇನೇ ಅಂದೆ. ಅಮೃತೇಶ್ ಸರ್ ಮಕ್ಕಳಿಗೆಲ್ಲ ಕಲಿಸುವ ಬೆರಳು ಪಾಠವಂತೆ ಅಮ್ಮ, ಅಂದಳು. ಯಾವ ಹಾಡಿನದು ಎಂದು ಆ ಮಕ್ಕಳಿಗೆ ಗೊತ್ತಿಲ್ಲ. ಕಲ್ಯಾಣಿಯಲ್ಲಿ ಒಂದು, ತೋಡಿಯಲ್ಲಿ ಒಂದು, ಇವರು ಕೀರ್ತನೆ ಕಟ್ಟಿದ ರಾಗದಲ್ಲೆಲ್ಲ ಒಂದೊಂದು. ಅವಳು ಇನ್ನೂ ನಾಲ್ಕೈದನ್ನು ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಎಲ್ಲವೂ ಕೂತವು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ಇದಕ್ಕೇ. ನಂಜನಗೂಡಿನ ಮಕ್ಕಳಿಗೆ ಹಾಡು ಗೊತ್ತು, ಚಿಟ್ಟೆಸ್ವರ ಗೊತ್ತಿಲ್ಲ. ನರಸೀಪುರದ ಮಕ್ಕಳಿಗೆ ಚಿಟ್ಟೆಸ್ವರ ಗೊತ್ತು, ಹಾಡು ಗೊತ್ತಿಲ್ಲ. ಇಬ್ಬರು ಮುದುಕರ ಬಿಗುಮಾನಕ್ಕೆ ಒಂದು ತಲೆಮಾರೇ ಅರ್ಧರ್ಧ ಕಲಿತು ಕೂತಿದೆ. ನನಗೆ ಎಂಥ ಕೋಪ ಬಂತೆಂದರೆ, ಒಲೆ ಮೇಲಿದ್ದ ಸಾರು ಉಕ್ಕಿದ್ದೂ ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ, ಬಿಳಿಗೆರೆಗೆ ತಮ್ಮನ ಮನೆಗೆ ಎಂದು ಇವರಿಗೆ ಹೇಳಿ, ಆಧಾರ್ ಕಾರ್ಡು ತೋರಿಸಿ ಫ್ರೀ ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆ. ಚೀಲದಲ್ಲಿ ಒಂದು ಚಿಪ್ಪು ರಸಬಾಳೆ. ಬಯ್ಯಲು ಹೋಗುವಾಗಲೂ ಬರಿಗೈಯಲ್ಲಿ ಹೋಗಬಾರದು. ಬಾಗಿಲು ತೆರೆದದ್ದು ಅವರ ಹೆಂಡತಿ ಸುಬ್ಬಲಕ್ಷ್ಮಮ್ಮ. ಕಾಫಿ ಬೆರೆಸುತ್ತಾ ಗುನುಗಿದರೂ ಶ್ರುತಿ ಬಿಡದ ಹೆಂಗಸು. ನೋಡಿ ನನಗೆ ಇವತ್ತಿಗೂ ಒಂಚೂರು ಉರಿಯುತ್ತದೆ, ಆದರೆ ಕಾಫಿ ಚೆನ್ನಾಗಿತ್ತು.

ಅಮೃತೇಶ್ ತೆಳ್ಳಗಾಗಿದ್ದರು. ನಾನು ಫೋನು ತೆಗೆದು, ಮಧುಶ್ರೀ ಅದಕ್ಕೆ ಕಳಿಸಿಕೊಟ್ಟಿದ್ದ ಆ ಬೆರಳು ಪಾಠ ಹಾಕಿದೆ. ತಲೆ ತಗ್ಗಿಸಿದರು.

"ಏನ್ ಮಾಡದು ಕೆಂಪಾಜಮ್ಮ. ಅವ್ನ ಹೊಸಾ ಆಡು ರೇಡಿಯೋಲಿ ಬತ್ತದೆ. ಅಲ್ಲಿ ಜಾಗ ಬುಟ್ಟು ಬರೀ ತಾಳ ಆಕ್ತಾನೆ. ನಂಗೆ ಕೈ ಸುಮ್ನಿರಾಕಿಲ್ಲ."

ಹಾಗಾದರೆ ಬಂದು ನುಡಿಸಿ ಅಂದೆ. ಅವನು ಕರೆಯಲಿ ಅಂದರು. ಅದೇ ಹಾಡು, ಬೇರೆ ಬಾಯಿ. ಬಾಯಿ ಮಾಡಬೇಕು ಎಂದೇ ಹೋಗಿದ್ದೆ. ಮೂವತ್ತು ವರ್ಷ ನನ್ನ ಹೆಸರು ಹಾಳಾದದ್ದು, ಊರು ಆಡಿಕೊಂಡದ್ದು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಯಾಕೋ ಅದು ಯಾವುದೂ ಬರಲಿಲ್ಲ.

"ಅವ್ರ ಕಿವಿ ಓಯ್ತಾ ಅದೆ," ಅಂದೆ.

ಅವರಿಗೆ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟರು. ಸುಬ್ಬಲಕ್ಷ್ಮಮ್ಮ ಬಾಗಿಲ ಹತ್ತಿರ ಬಂದು ನಿಂತರು. ಅಮೃತೇಶ್ ಕೇಳಿದ್ದು, ಅಯ್ಯೋ ಪಾಪ ಎಂದಲ್ಲ, ಯಾವ ಡಾಕ್ಟರು ಎಂದಲ್ಲ. ಯಾವ ಸ್ವರ ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ಕೇಳಿದರು. ನನಗೆ ಸ್ವರ ಎಲ್ಲಿ ಗೊತ್ತು? ಕುಕ್ಕರ್ ಕೂಗಿದ್ದು ಕೇಳುವುದಿಲ್ಲ, ಲಾರಿ ಹೋದದ್ದು ಕೇಳುತ್ತದೆ ಅಂದೆ. ತಲೆಯಾಡಿಸಿ ಒಳಗೆ ಹೋದರು. ಬಂದಾಗ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪಿಟೀಲು ಪೆಟ್ಟಿಗೆ.

"ಈಗ ಬಸ್ ಎಷ್ಟೊತ್ಗದೆ?"

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ನಾನು. ನಂಜನಗೂಡಿನ ಪರಿಚಯದವರೊಬ್ಬರು ಹತ್ತಿ, ನಮ್ಮಿಬ್ಬರನ್ನೂ ನೋಡಿ, ಕಣ್ಣು ಅಗಲ ಮಾಡಿ ಹಿಂದಿನ ಸೀಟಿಗೆ ಹೋದರು. ಹೇಳಿಕೊಳ್ಳಲಿ, ಹೊಸ ಕತೆ ಶುರುವಾಗಲಿ ಅಂದುಕೊಂಡೆ.

ಮನೆಗೆ ಬಂದಾಗ ಇವರು ಹಾಲಿನಲ್ಲಿ ಚಾಪೆಯ ಮೇಲೆ ಕೂತು ಮಧುಶ್ರೀಗೆ ಪಾಠ ಹೇಳುತ್ತಿದ್ದರು. ತಲೆ ಎತ್ತಿದರು. ನಾನು ಬಿಳಿಗೆರೆಗೆ ಹೋಗಿರಲಿಲ್ಲ ಎಂದು ತಕ್ಷಣ ಗೊತ್ತಾಯಿತು. ಇವರೇನಾದರೂ ಎದ್ದು ಒಳಗೆ ಹೋಗಿಬಿಟ್ಟರೆ?

"ಯಾವಾಗ್ ಬಂದ್ಯೋ?" ಅಂದರು, ಹೋದ ಭಾನುವಾರ ಬಂದು ಹೋದವರನ್ನು ಕೇಳುವ ಹಾಗೆ.

"ಈಗ."

"ಊಟ?"

"ಆಮೇಲೆ."

ಅಷ್ಟೆ. ಮೂವತ್ತು ವರ್ಷಕ್ಕೆ ಅಷ್ಟೇ ಮಾತು. ಅಮೃತೇಶ್ ಇವರ ಎಡಗಡೆ, ಕಿವಿಗೆ ಹತ್ತಿರ ಕೂತು ಪೆಟ್ಟಿಗೆ ತೆಗೆದರು. ಮಧುಶ್ರೀಗೆ ಬಿಲಹರಿ ಅಂದರು. ಆ ಹುಡುಗಿ ಹೆದರಿದ ದನಿಯಲ್ಲೇ ಎತ್ತಿದಳು. ನಾನು ಕೈಚೀಲವನ್ನು ಅಲ್ಲೇ ಇಟ್ಟು, ಕೂತು, ತಾಳ ಹಿಡಿದೆ. ಪಲ್ಲವಿ ಆಯಿತು, ಅನುಪಲ್ಲವಿ ಆಯಿತು, ಮಧುಶ್ರೀ ರೂಢಿಯಂತೆ ನಿಲ್ಲಿಸಿದಳು. ನನ್ನ ಕೈ ಒಂದು ಸಲ ಬಿದ್ದಿತ್ತು ಅಷ್ಟೆ, ಪಿಟೀಲು ಒಳಗೆ ಬಂತು.

ಇವರ ಮುಖ ನೋಡಿದೆ. ಹುಬ್ಬು ಗಂಟಾಗಿತ್ತು. ಕೆಲವು ಸ್ವರ ಕೇಳುತ್ತಿವೆ, ಕೆಲವು ಇಲ್ಲ, ನಡುವೆ ಏನೋ ಕಳಚಿಹೋಗುತ್ತಿದೆ. ಅಮೃತೇಶ್ ಕೂಡ ಅದನ್ನೇ ನೋಡುತ್ತಿದ್ದರು. ನಿಲ್ಲಿಸಿ, ಬಿರಡೆಗಳನ್ನು ತಿರುಗಿಸಿ ಎಲ್ಲ ತಂತಿಗಳನ್ನೂ ಸಡಿಲ ಮಾಡಿದರು. ಶ್ರುತಿಯ ವಿಷಯದಲ್ಲಿ ಕೂದಲು ಸೀಳುವ ಮನುಷ್ಯ, ಶ್ರುತಿಗಾಗಿ ಒಂದು ಸಂಬಂಧವನ್ನೇ ಬೇಡ ಅಂದ ಮನುಷ್ಯ, ಗೆಳೆಯನ ಕಿವಿ ಎಲ್ಲಿದೆಯೋ ಅಲ್ಲಿಗೆ ತನ್ನ ಶ್ರುತಿಯನ್ನು ಇಳಿಸಿಕೊಂಡರು. ಅದನ್ನು ನೋಡಿ ನಾನು ಅವರಿಗೆ ಹಾಕಿದ್ದ ಹಿಡಿಶಾಪಗಳನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡೆ. ಮಧುಶ್ರೀಯೂ ದನಿ ತಗ್ಗಿಸಿ ಮತ್ತೆ ಹಾಡಿದಳು. ಈ ಸಲ ಪಿಟೀಲು ತಗ್ಗಿನಲ್ಲಿ, ಹೊಟ್ಟೆಯೊಳಗಿಂದ ಬಂದ ಹಾಗೆ ಬಂತು. ಇವರ ಹುಬ್ಬು ಸಡಿಲವಾಯಿತು. ಕೇಳಿಸುತ್ತಿತ್ತು. ಪಲ್ಲವಿಗೆ ತಿರುಗುವ ಹೊತ್ತಿಗೆ ಇವರು ಕೈ ಎತ್ತಿ ತಡೆದರು.

"ನಿಷಾದ ಎಲ್ಲೋಯ್ತು?"

"ನೀನೇ ಅಲ್ವೇನ್ಲಾ ಬ್ಯಾಡ ಅಂದವ್ನು?"

ಅಲ್ಲಿಂದ ಶುರುವಾಯಿತು ನೋಡಿ. ಬೇಡ ಅಂದದ್ದು ತಪ್ಪು, ವರ್ಷದೊಳಗೇ ಗೊತ್ತಾಯಿತು, ಆ ನಿಷಾದ ಕೂರದೆ ಆ ಹಾಡು ಹಾಡೇ ಅಲ್ಲ ಎಂದು ಇವರು. ತಪ್ಪು ನನ್ನದು, ಇಷ್ಟು ವರ್ಷ ನೂರು ರೀತಿ ನುಡಿಸಿ ನೋಡಿದ್ದೇನೆ, ಅದು ಇಲ್ಲದಿದ್ದರೇ ಚೆಂದ ಎಂದು ಅವರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತೂ ಕೋಣವೂ ಜಾಗ ಬದಲಾಯಿಸಿಕೊಂಡು ಮತ್ತೆ ಎಳೆಯಲು ನಿಂತಿದ್ದವು. ದನಿ ಏರಿತು. ಅಮೃತೇಶ್ ಕೈ ಪೆಟ್ಟಿಗೆಯ ಕಡೆ ಹೋಯಿತು. ಮಧುಶ್ರೀ ಗಾಬರಿಯಿಂದ ನನ್ನ ಮುಖ ನೋಡಿದಳು.

"ಸಾಕು," ಅಂದೆ ನಾನು. "ಮೂವತ್ತ್ ವರ್ಸ ಇಬ್ರೂ ಸೇರಿ ನನ್ ಎಸ್ರು ಕೆಡ್ಸಿದ್ದು ಸಾಕು. ನಿಷಾದ ಆಕೇ ಬಾರ್ಸಿ ಅಮೃತೇಶ್. ಸರಿನೋ ತಪ್ಪೋ ಆಮೇಲ್ ನೋಡ್ಕೊಳಿ. ಇವ್ರಿಗೆ ಕೇಳ್ಸದು ಇನ್ನೆಷ್ಟ್ ದಿನವೋ."

ನಾನು ಅಷ್ಟು ಬಿಚ್ಚಿ ಹೇಳಬಾರದಿತ್ತೇನೋ, ಆದರೆ ಬಾಯಿಂದ ಬಂದುಬಿಟ್ಟಿತ್ತು. ಇವರು ನನ್ನನ್ನು ನೋಡಿದರು, ಬೈಯಲಿಲ್ಲ. ಮೆಲ್ಲಗೆ ಇನ್ನಷ್ಟು ಎಡಕ್ಕೆ ಬಾಗಿ, ಅಂಗೈಯನ್ನು ಪಿಟೀಲಿನ ಮರದ ಮೇಲೆ, ಬಿಲ್ಲಿಗೆ ಅಡ್ಡ ಬಾರದ ಹಾಗೆ ಇಟ್ಟರು. ಅಮೃತೇಶ್ ಅದನ್ನು ಸರಿಸಲಿಲ್ಲ.

ಮೂರನೇ ಸಲ ಮಧುಶ್ರೀ ಹಾಡಿದಳು. ಪಿಟೀಲು ಬಂತು, ಮೊದಲ ಆವರ್ತ ಹೋಯಿತು, ಎರಡನೆಯದು ತಿರುಗಿತು. ಕೊನೆಯಲ್ಲಿ ಆ ನಿಷಾದ. ಅವರು ಅದನ್ನು ಚಾಪೆ ಹಾಸಿ ಕೂರಿಸಿದರು, ಬಹಳ ಹೊತ್ತು ಕೂರಿಸಿದರು. ಇವರ ಕಣ್ಣು ತುಂಬಿತು. "ಇದೇ ಕಣ್ಲಾ," ಅಂದರು, ಅಷ್ಟು ಮೆಲ್ಲಗೆ ಎಂದರೆ ಇವರ ಕಿವಿಗೇ ಇವರ ಮಾತು ಬಿದ್ದಿರಲಾರದು. ಎಷ್ಟೋ ವರ್ಷ ನನ್ನ ಕೈಯೊಂದೇ ಸದ್ದು ಮಾಡಿಕೊಂಡು ದಾಟಿದ ಜಾಗ ಅದು. ಬಾಗಿಲ ಕಡೆ ನೋಡುವುದಕ್ಕೆ ಇವರಿಗೆ ಇನ್ನು ಕಾರಣವಿರಲಿಲ್ಲ. ನೆಂಟ ಬಂದು ಪಕ್ಕದಲ್ಲೇ ಕೂತಿದ್ದ. ನನಗೆ ಏನಾಯಿತೋ, ಮದುವೆಗೆ ಮುಂಚಿನಿಂದ ಇವತ್ತಿನ ತನಕ ಒಂದು ಸಲವೂ ಆಗದಿದ್ದದ್ದು ಆಯಿತು. ತಾಳ ತಪ್ಪಿತು.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ತಾಳ," ಅಂದರು ಇವರು.

"ತಾಳ, ಕೆಂಪಾಜಮ್ಮ," ಅಂದರು ಅವರು.

ಸೆರಗಿನಲ್ಲಿ ಮುಖ ಒರೆಸಿಕೊಂಡು ಮತ್ತೆ ಮೊದಲಿನಿಂದ ಹಾಕಿದೆ.